ಹುಳು ಸಾಕಿ, ತಪ್ಪಿಲ್ಲ. ಹುಳುವಿನ ಸ್ಕೀಮು ಕೊಳ್ಳಬೇಡಿ

"ಮನೆಯ ಒಂದು ಕೋಣೆ ಸಾಕು, ತಿಂಗಳಿಗೆ ಲಕ್ಷ ಎಣಿಸಿ." ಇಂಥದ್ದೊಂದು ವಿಡಿಯೊ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತೆ. ಬೆಂಗಳೂರಿನವರು ಸಾಕುವ ಮೀನು, ಹಕ್ಕಿ, ಓತಿಕ್ಯಾತದ ಜಾತಿಯ ಪ್ರಾಣಿಗಳಿಗೆ ಜೀವಂತ ಹುಳು ಬೇಕಂತೆ. ನೀವು ಹಳ್ಳಿಯಲ್ಲಿ ಸಾಕಿ ಕೊಟ್ಟರೆ ಅವರೇ ಬಂದು ತೂಕ ಹಾಕಿಸಿಕೊಂಡು ಹೋಗುತ್ತಾರಂತೆ. ಮೊದಲು ಮಾತ್ರ ಅವರ ಹತ್ತಿರ "ಬಿತ್ತನೆ ಹುಳು" ಮತ್ತು ಟ್ರೇಗಳ ಕಿಟ್ ಕೊಳ್ಳಬೇಕಂತೆ.

ನಾವು ನೇರವಾಗಿ ಹೇಳುತ್ತೇವೆ. ಹುಳು ಸಾಕಬಹುದು, ಸುಲಭ. ಆದರೆ ಈ ವ್ಯಾಪಾರದಲ್ಲಿ ದುಡ್ಡು ಆಗುತ್ತಿರುವುದು ಹುಳು ಸಾಕುವವನಿಗಲ್ಲ, ಹುಳುವಿನ ಕಿಟ್ ಮಾರುವವನಿಗೆ.

ಮಾಲೂರು ಕಡೆಯ ಒಬ್ಬ ಹುಡುಗ ನಮಗೆ ಫೋನ್ ಮಾಡಿದ್ದ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕುವುದಿಲ್ಲ. ಮನೆಯಲ್ಲಿದ್ದ ಎಚ್‌ಎಫ್ ಪಡ್ಡೆ ಮಾರಿ ಕಿಟ್ ಕೊಂಡ. ನಾಲ್ಕು ತಿಂಗಳು ಮಗುವಿನ ಹಾಗೆ ನೋಡಿಕೊಂಡ. ಹುಳು ಚೆನ್ನಾಗಿಯೇ ಬಂದವು. ಕೊಳ್ಳುತ್ತೇವೆ ಅಂದವರ ಫೋನು ಮಾತ್ರ ಸ್ವಿಚ್ ಆಫ್.

ಅವನ ಜೊತೆ ನಾವೂ ಒಂದು ದಿನ ಹೊರಟೆವು. ಎರಡು ಡಬ್ಬದಲ್ಲಿ ಹುಳು ತುಂಬಿಕೊಂಡು ರೈಲಿನಲ್ಲಿ ಕೆ.ಆರ್. ಪುರಂಗೆ ಬಂದು, ಅಲ್ಲಿಂದ ಮೆಟ್ರೊದಲ್ಲಿ ಇಂದಿರಾನಗರ, ಹಲಸೂರು, ಕೊನೆಗೆ ಸಿಟಿ ಬಸ್ಸಿನಲ್ಲಿ ಶಿವಾಜಿನಗರ. ಇಂದಿರಾನಗರದ ದೊಡ್ಡ ಅಂಗಡಿಗಳಲ್ಲಿ ಇರುವುದೆಲ್ಲ ನಾಯಿ, ಬೆಕ್ಕಿನ ಪ್ಯಾಕೆಟ್ ಆಹಾರ. ಹುಳುವಿನ ಡಬ್ಬ ತೆಗೆದ ಕೂಡಲೇ "ಒಳಗೆ ತರಬೇಡಿ" ಅಂದರು. ಹಲಸೂರಿನ ಮೀನಿನ ಅಂಗಡಿಯವರು ಒಂದು ಹಿಡಿ ತೆಗೆದುಕೊಂಡರು, ಅದೂ ಸ್ಯಾಂಪಲ್ ಅಂತ, ಪುಕ್ಕಟೆ. ರಸೆಲ್ ಮಾರ್ಕೆಟ್ ಹತ್ತಿರದ ಹಕ್ಕಿ ಅಂಗಡಿಯ ಸಾಬರು ಕೂರಿಸಿ ಚಹಾ ಕೊಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದರು:

"ನೋಡಪ್ಪ, ನನಗೆ ವಾರಕ್ಕೆ ಎರಡು ಸಣ್ಣ ಡಬ್ಬ ಸಾಕು. ಕೊಡೋಕೆ ಆಗಲೇ ಮೂರು ಜನ ಇದ್ದಾರೆ. ಕೆಜಿಗಟ್ಟಲೆ ತಗೊಂಡು ನಾನೇನು ಮಾಡ್ಲಿ?"

ಸಾಬರ ಮಾತು ಸುಳ್ಳಲ್ಲ. ಲೆಕ್ಕ ಹಾಕಿ ನೋಡಿ. ನಾಯಿ, ಬೆಕ್ಕು ಹುಳು ತಿಂದು ಬದುಕುವುದಿಲ್ಲ. ಲವ್‌ಬರ್ಡ್ಸ್‌ಗೆ ಕಾಳೇ ಮುಖ್ಯ. ಹುಳು ಬೇಕಾಗುವುದು ಅರೋವನದಂಥ ದೊಡ್ಡ ಮೀನಿಗೆ, ಕೆಲವು ಜಾತಿಯ ಹಲ್ಲಿಗಳಿಗೆ, ಮರಿ ಮಾಡುವ ಕಾಲದಲ್ಲಿ ಕೆಲವು ಹಕ್ಕಿಗಳಿಗೆ. ಅವುಗಳಿಗೂ ಎಷ್ಟೋ ಸಲ ಅದು ಊಟವಲ್ಲ, ಕುರುಕಲು ತಿಂಡಿ. ಇಂಥ ಪ್ರಾಣಿ ಸಾಕುವವರು ಆ ದೊಡ್ಡ ಊರಿನಲ್ಲೂ ಕೆಲವೇ ಜನ.

ಇನ್ನು ಹುಳುವಿನ ಕಡೆಯ ಲೆಕ್ಕ. ಹೆಚ್ಚಾಗಿ ಮಾರುವುದು ಮೀಲ್‌ವರ್ಮ್, ಅಂದರೆ ಹಿಟ್ಟಿನಲ್ಲಿ ಬೀಳುವ ಹುಳುವಿನ ದೊಡ್ಡಣ್ಣ. ಬೆಳೆದ ಹುಳು ಒಂದು ಸುಮಾರು 0.1 ಗ್ರಾಂ ತೂಗುತ್ತೆ, ಕೆಜಿಗೆ ಹತ್ತಿರ ಹತ್ತಿರ 10,000. ಅದು ಕೋಶವಾಗಿ, ಆಮೇಲೆ ಕಪ್ಪು ದುಂಬಿಯಾಗುತ್ತೆ. ಒಂದು ಹೆಣ್ಣು ದುಂಬಿ ತನ್ನ ಆಯಸ್ಸಿನಲ್ಲಿ ಇನ್ನೂರು, ಮುನ್ನೂರು ಮೊಟ್ಟೆ ಇಡುತ್ತೆ, ಕೆಲವು ಅದಕ್ಕೂ ಹೆಚ್ಚು. ನೂರು ದುಂಬಿ ತಂದರೆ ಅರ್ಧ ಹೆಣ್ಣು ಅಂದುಕೊಳ್ಳಿ. ಹತ್ತು ಸಾವಿರಕ್ಕೂ ಹೆಚ್ಚು ಮೊಟ್ಟೆ. ಅರ್ಧ ಸತ್ತರೂ ನಾಲ್ಕೈದು ತಿಂಗಳಲ್ಲಿ ಐದು ಸಾವಿರ ಹುಳು ನಿಮ್ಮ ಮುಂದೆ ಹರಿದಾಡುತ್ತವೆ. ಮೇವು ಗೋಧಿ ಬೂಸಾ, ನೀರಿನಂಶಕ್ಕೆ ಕ್ಯಾರೆಟ್ ಚೂರು. ನಮ್ಮ ಕಡೆಯ ಹವೆಯೂ ಅದಕ್ಕೆ ಹೊಂದುತ್ತೆ.

ಇಷ್ಟು ಸುಲಭವಾಗಿ ಹೆಚ್ಚುವ ಜೀವಕ್ಕೆ ಬಿತ್ತನೆ ಅಂತ ಸಾವಿರಗಟ್ಟಲೆ ದುಡ್ಡು ಯಾಕೆ ಕೊಡಬೇಕು? ಒಂದು ಸಣ್ಣ ಡಬ್ಬ ಹುಳು ಕೊಂಡು ಬಿಟ್ಟರೆ ಅದೇ ನಿಮ್ಮ ಬಿತ್ತನೆ. ಇಷ್ಟು ಸುಲಭವಾದ್ದನ್ನು ಕೊಳ್ಳುವ ಅಂಗಡಿಯವನ ತಮ್ಮನೂ ಮಾಡಬಹುದು, ನಿಮ್ಮ ಪಕ್ಕದ ಮನೆಯವನೂ ಮಾಡಬಹುದು. ಎಲ್ಲರೂ ಮಾಡಬಹುದಾದ್ದಕ್ಕೆ ರೇಟು ನಿಲ್ಲುವುದಿಲ್ಲ. ಮಾರುವವನಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವನು ಹುಳು ಮಾರುವುದು ಬಿಟ್ಟು ನಿಮಗೆ ಕಿಟ್ ಮಾರುತ್ತಿದ್ದಾನೆ.

ಇದು ಹೊಸ ಆಟವಲ್ಲ. ತಮಿಳುನಾಡಿನ ಈರೋಡ್ ಜಿಲ್ಲೆಯ ಪೆರುಂದುರೈನಲ್ಲಿ ಸುಸಿ ಎಮು ಫಾರ್ಮ್ಸ್ ಅಂತ ಇತ್ತು. ಮರಿ ನಾವೇ ಕೊಡುತ್ತೇವೆ, ಸಾಕಿದ್ದಕ್ಕೆ ತಿಂಗಳ ದುಡ್ಡು ಕೊಡುತ್ತೇವೆ, ನಾವೇ ವಾಪಸ್ ಕೊಳ್ಳುತ್ತೇವೆ ಅಂದರು. 2012ರಲ್ಲಿ ಎಲ್ಲ ಮುಳುಗಿತು. ಸಾವಿರಾರು ಜನ ದುಡ್ಡು ಕಳೆದುಕೊಂಡರು, ಮೇವಿಲ್ಲದೆ ಹಕ್ಕಿಗಳು ಸತ್ತವು. ಮಾಲೀಕನಿಗೆ ಮುಂದೆ ಕೋರ್ಟು 10 ವರ್ಷ ಶಿಕ್ಷೆ ಕೊಟ್ಟಿತು, ಆದರೆ ಹೋದ ಕಾಲ ವಾಪಸ್ ಬರಲಿಲ್ಲ. 2019ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಡಕ್‌ನಾಥ್ ಕೋಳಿಯ ಹೆಸರಿನಲ್ಲಿ ಇದೇ ಕಥೆ. ಹಕ್ಕಿ ಬದಲಾಯಿತು, ಕೋಳಿ ಬದಲಾಯಿತು, ಈಗ ಹುಳು. ಮಾತು ಮಾತ್ರ ಅದೇ: "ನಾವೇ ಕೊಳ್ಳುತ್ತೇವೆ."

ಹುಳು ಸಾಕುವುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕೋಲಾರ, ಶಿಡ್ಲಘಟ್ಟ, ರಾಮನಗರದ ಕಡೆ ಹುಳು ಮೇಯಿಸಿಯೇ ಮಕ್ಕಳನ್ನು ಓದಿಸಿದ ಮನೆಗಳಿವೆ. ಎಷ್ಟನೇ ಜ್ವರ ಎದ್ದ ಮೇಲೆ ಎಷ್ಟು ಸೊಪ್ಪು, ಹಣ್ಣಾದ ಹುಳುವನ್ನು ಯಾವಾಗ ಚಂದ್ರಿಕೆಗೆ ಬಿಡಬೇಕು ಅಂತ ನಮ್ಮ ತಾಯಂದಿರಿಗೆ ಗೊತ್ತು. ಆದರೆ ರೇಷ್ಮೆ ನಿಂತಿರುವುದು ಬರೀ ಹುಳುವಿನ ಮೇಲಲ್ಲ. ಮೊಟ್ಟೆಗೆ ಲೈಸೆನ್ಸ್ ಇರುವ ಬಿತ್ತನೆ ಕೇಂದ್ರ ಇದೆ, ಚಾಕಿ ಕೇಂದ್ರ ಇದೆ, ಸರ್ಕಾರಿ ಗೂಡಿನ ಮಾರುಕಟ್ಟೆ ಇದೆ, ಎಲ್ಲರ ಕಣ್ಣೆದುರು ಹರಾಜು ಇದೆ. ಬಿತ್ತನೆಯಿಂದ ನೂಲಿನ ತನಕ ಹತೋಟಿಯಲ್ಲಿಡಲು 1959ರಲ್ಲೇ ಕಾಯ್ದೆ ಬಂತು. ಇಷ್ಟೆಲ್ಲ ಇದ್ದೂ ಗೂಡಿನ ರೇಟು ಬಿದ್ದಾಗ ನಾವು ಎಷ್ಟು ಸಲ ಕಣ್ಣೀರು ಹಾಕಿಲ್ಲ? ಮೀಲ್‌ವರ್ಮಿಗೆ ಇದರಲ್ಲಿ ಒಂದೂ ಇಲ್ಲ. ಮಾರುಕಟ್ಟೆ ಇಲ್ಲ, ಹರಾಜು ಇಲ್ಲ, ಈ ದಿನದ ರೇಟು ಅನ್ನುವುದೇ ಇಲ್ಲ. ಇಂಥದ್ದಕ್ಕೆ ಪಡ್ಡೆ ಮಾರುವುದೇ?

ಇನ್ನೊಂದು ವಿಷಯ ವಿಡಿಯೊದಲ್ಲಿ ಹೇಳುವುದಿಲ್ಲ. ಮೀಲ್‌ವರ್ಮ್ ದಾಸ್ತಾನು ಕಾಳು, ಹಿಟ್ಟಿಗೆ ಬೀಳುವ ಕೀಟ. ರಾಗಿ, ಹಿಟ್ಟು ಇಡುವ ಕೋಣೆಯ ಪಕ್ಕ ಅದನ್ನು ಸಾಕಿ ಮುಚ್ಚಳ ಸಡಿಲ ಬಿಟ್ಟರೆ ವರ್ಷದ ಅನ್ನಕ್ಕೇ ಕಲ್ಲು. ಟ್ರೇಯಲ್ಲಿ ಉಳಿಯುವ ಪೊರೆ, ಹಿಕ್ಕೆಯ ಧೂಳು ಕೆಲವರಿಗೆ ಅಲರ್ಜಿ ತರುತ್ತೆ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಅದನ್ನು ಮಲಗುವ ಕೋಣೆಯ ಹತ್ತಿರಕ್ಕೂ ತರಬೇಡಿ.

ಹಾಗಾದರೆ ಹುಳುವೇ ಬೇಡವೇ? ಬೇಕು. ಆದರೆ ಮೊದಲ ಗಿರಾಕಿ ನಿಮ್ಮ ಅಂಗಳದಲ್ಲೇ ಇದೆ: ನಿಮ್ಮ ನಾಟಿ ಕೋಳಿ. ಮಡಕೆಗೆ ಸಗಣಿ, ಕೂಳೆ ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಜಾಗದಲ್ಲಿ ಬೋರಲು ಹಾಕಿ ಬೆಳಿಗ್ಗೆ ಮರಿಗಳ ಮುಂದೆ ಕೊಡವುತ್ತಿದ್ದದ್ದು ಹಳಬರಿಗೆ ನೆನಪಿರಬಹುದು. ಕಿಟ್ ಇಲ್ಲ, ಖರ್ಚಿಲ್ಲ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಹುಳು ಅಡುಗೆಮನೆಯ ಕಸ ತಿಂದೇ ಕೊಬ್ಬುತ್ತೆ, ಕೋಳಿಗೂ ಮೀನಿಗೂ ಒಳ್ಳೆಯ ಮೇವು. ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವಿನಲ್ಲಿ, ಒಣಗಿಸಿದರೆ, ಅರ್ಧದಷ್ಟು ಪ್ರೋಟೀನೇ. ಒಂದು ಕೆಜಿ ರೇಷ್ಮೆ ನೂಲಿಗೆ ಸುಮಾರು ಎರಡು ಕೆಜಿ ಒಣ ಹುಳು ಉಳಿಯುತ್ತೆ. ವಾಸನೆ ತಡೆಯಬೇಕು, ಅಷ್ಟೆ. ಮೇವಿನ ಖರ್ಚು ಉಳಿದರೆ ಅದೂ ದುಡ್ಡೇ. ಅದಕ್ಕೆ ಯಾರ ಫೋನಿಗೂ ಕಾಯಬೇಕಿಲ್ಲ.

ಪೇಟೆಗೂ ಮಾರಿ ನೋಡುತ್ತೇವೆ ಅನ್ನುವವರು ದುಡ್ಡು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ನಿಮ್ಮಿಂದ ಹೋದ ವರ್ಷ ಕಿಟ್ ಕೊಂಡ ಮೂವರ ಊರು ಹೇಳಿ, ಹೋಗಿ ನೋಡುತ್ತೇವೆ. ನಮ್ಮಿಂದ ಕೊಂಡ ಹುಳುವನ್ನು ನೀವು ಯಾರಿಗೆ ಮಾರುತ್ತೀರಿ? ನಿಮ್ಮ ವರಮಾನದಲ್ಲಿ ಕಿಟ್ ಎಷ್ಟು, ಹುಳು ಎಷ್ಟು? ವಾಪಸ್ ಕೊಳ್ಳದಿದ್ದರೆ ದುಡ್ಡು ಹಿಂದಕ್ಕೆ ಕೊಡುತ್ತೇವೆ ಅಂತ ಛಾಪಾ ಕಾಗದದ ಮೇಲೆ ಬರೆದುಕೊಡುತ್ತೀರಾ? ಒಂದಕ್ಕೆ ಉತ್ತರ ತಡವರಿಸಿದರೂ ಎದ್ದು ಬನ್ನಿ. ಅದರ ಬದಲು ಒಂದು ಡಬ್ಬ ಹುಳು ಸಾಕಿ. ಎರಡು ಅಂಗಡಿಯವರು ಎರಡು ತಿಂಗಳು ಬಿಡದೆ ದುಡ್ಡು ಕೊಟ್ಟು ಕೊಂಡ ಮೇಲೆ ಎರಡನೇ ಟ್ರೇ ಇಡಿ.

ಸರ್ಕಾರಕ್ಕೂ ಒಂದು ಮಾತು. ದೇಶದ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ನಮ್ಮ ಹೆಬ್ಬಾಳದಲ್ಲೇ ಇದೆ. ಬಹುತೇಕ ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹುಳು ಸಾಕಣೆ ಹೇಗೆ, ಎಷ್ಟಕ್ಕೆ ನಿಲ್ಲಿಸಬೇಕು, ಯಾರಿಗೆ ಮಾರಬಹುದು ಅನ್ನುವುದನ್ನು ಕನ್ನಡದಲ್ಲಿ, ಫೋನಿನಲ್ಲಿ ಓದುವ ಹಾಗೆ ಎರಡು ಪುಟ ಕೊಡಲಿ. ಇವರು ಬಾಯಿ ಬಿಡದ ಜಾಗದಲ್ಲೇ ಕಿಟ್‌ನವನು ಮೈಕು ಹಿಡಿಯುತ್ತಾನೆ.

ಕೊನೆಗೆ ನಮ್ಮ ಮೇಲೆ ನಾವೇ ಹಾಕಿಕೊಳ್ಳಬೇಕಾದ ಆರೋಪ. "ಕಿಟ್ ಕೊಳ್ಳಲು ಧೈರ್ಯ ಹೇಗೆ ಬಂತಪ್ಪ?" ಅಂತ ಆ ಹುಡುಗನನ್ನು ಕೇಳಿದೆವು. ಫೋನಿನಲ್ಲಿ ಉಳಿಸಿಕೊಂಡಿದ್ದ ಒಂದು ಪೇಪರ್ ಕಟಿಂಗ್ ತೋರಿಸಿದ. "ಹುಳು ಸಾಕಿ ಗೆದ್ದ ಯುವಕ" ಅಂತ ಹೆಡ್ಡಿಂಗು. ಬರೆದವನು ನಮ್ಮಂಥ ಒಬ್ಬ ಬಿಡಿ ವರದಿಗಾರ. ಸುದ್ದಿಗಿಷ್ಟು ಅಂತ ದುಡ್ಡು ಬರುವಾಗ ಯಶೋಗಾಥೆ ಬೇಗ ಅಚ್ಚಾಗುತ್ತೆ. ಇಂಥವನ್ನು ನಾವೂ ಬರೆದಿದ್ದೇವೆ. ಸಾಕಿದವನ ಫೋಟೊ ಹಾಕಿದೆವು, ಕೊಂಡವನ ಹತ್ತಿರ ಹೋಗಲಿಲ್ಲ.

ಇನ್ನು ಮುಂದೆ ಈ ಜಾಲತಾಣದಲ್ಲಿ, ಕೊಳ್ಳುವವನ ಅಂಗಡಿಗೆ ಹೋಗಿ ಬರದೆ ಯಾರ ಯಶೋಗಾಥೆಯನ್ನೂ ಹಾಕುವುದಿಲ್ಲ. ನಿಮ್ಮ ಊರಿಗೂ ಕಿಟ್‌ನವರು ಬಂದಿದ್ದರೆ ಕರಪತ್ರದ ಫೋಟೊ ಕಳಿಸಿ. ದುಡ್ಡು ಕೊಟ್ಟ ಮೇಲೆ ಅಲ್ಲ, ಕೊಡುವ ಮೊದಲು. ಆ ಹುಡುಗನ ಹಟ್ಟಿಯಲ್ಲಿ ಪಡ್ಡೆ ಕಟ್ಟುತ್ತಿದ್ದ ಗೂಟ ಈಗಲೂ ಖಾಲಿ ಇದೆ.