ಒಂದೇ ಕಾಲು, ಎರಡು ಬೆಲೆ!



ಸೇನೆಯ ಕೆಲಸದಲ್ಲಿ ಅಪಘಾತವಾಗಿ ಒಬ್ಬ ಸಿಪಾಯಿಯ ಕಾಲು ಹೋಯಿತೆನ್ನಿ. ಜೊತೆಗಿದ್ದ ಅಧಿಕಾರಿಯದೂ ಹೋಯಿತು. ಎರಡೂ ಕಾಲಿಗೆ ಸರ್ಕಾರ ಒಂದೇ ಬೆಲೆ ಕಟ್ಟುತ್ತದೆಯೇ? ಇಲ್ಲ!

ಯುದ್ಧದ ಗಾಯದ ಲೆಕ್ಕ ಬೇರೆ. ಉಳಿದಂತೆ, ಸೇವೆಯಿಂದಾದ ಪೂರ್ಣ ಅಂಗವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30 ಸಿಗುತ್ತದೆ, ವೈಕಲ್ಯ ಕಡಿಮೆಯಾದಂತೆ ಹಣವೂ ಕಡಿಮೆ. ಅಂದರೆ 30,000 ಸಂಬಳದವನಿಗೆ 9,000 ರೂಪಾಯಿ, ಒಂದು ಲಕ್ಷದವರಿಗೆ 30,000!

ಹುದ್ದೆಗೆ ಬೆಲೆ ಬೇಡವೇ ಎನ್ನುವವರಿದ್ದಾರೆ. ಅದಕ್ಕೆಂದೇ ಸಂಬಳಕ್ಕೆ ತಕ್ಕ ಸೇವಾ ಪಿಂಚಣಿ ಇದೆಯಲ್ಲ! ಇದು ದೇಹದ ನಷ್ಟಕ್ಕೆ ಕೊಡುವ ಹಣ. ನೋವಿಗೆಲ್ಲಿಯ ದರ್ಜೆ?

2015ರಲ್ಲಿ 7ನೇ ವೇತನ ಆಯೋಗ ನಿಗದಿತ ಮೊತ್ತ ಸೂಚಿಸಿತು. ಅಧಿಕಾರಿಗೆ 27,000, ಜೆಸಿಒಗೆ 17,000, ಸಿಪಾಯಿಗೆ 12,000. ಅಲ್ಲಿಯೂ ಮೂರು ತಕ್ಕಡಿ! 2017ರಲ್ಲಿ ಕೇಂದ್ರ ಸಂಪುಟ ಹಳೆಯ ಶೇಕಡಾ ಲೆಕ್ಕವನ್ನೇ ಉಳಿಸಿಕೊಂಡಿತು.

ಕೊಡಗಿನಿಂದ, ಬೆಳಗಾವಿ ಸೀಮೆಯಿಂದ ಸೇನೆ ಸೇರುವ ನಮ್ಮ ಹುಡುಗರಲ್ಲಿ ಹೆಚ್ಚಿನವರು ಸಿಪಾಯಿಗಳೇ. ದಿಲ್ಲಿಯ ಆದೇಶ ಬರುವುದು ಇಂಗ್ಲಿಷ್, ಹಿಂದಿಯಲ್ಲಿ. ತನ್ನ ಕಾಲಿನ ಲೆಕ್ಕವನ್ನು ತನ್ನ ನುಡಿಯಲ್ಲಿ ಓದುವ ಹಕ್ಕೂ ಅವನಿಗಿಲ್ಲವೇ?

ಅಧಿಕಾರಿಯ ಹಣ ಕಡಿಯಿರಿ ಎನ್ನುತ್ತಿಲ್ಲ. ಸಿಪಾಯಿಯದನ್ನು ಅವರ ಮಟ್ಟಕ್ಕೆ ಏರಿಸಿ, ಆದೇಶವನ್ನು ಕನ್ನಡದಲ್ಲೂ ಕೊಡಿ ಎನ್ನುತ್ತಿದ್ದೇವೆ. ಸ್ವಾತಂತ್ರ್ಯ ದಿನದಂದು ಬಾವುಟ ಹಿಡಿದರೆ ಸಾಲದು, ಗೆಳೆಯರೇ. ನಿಮ್ಮ ಸಂಸದರನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿ: ಸ್ವಾಮಿ, ನಮ್ಮ ಸಿಪಾಯಿಯ ಕಾಲು ಅಗ್ಗವೇ?