‘ಶಿಫ್ಟು’ ಎಂಬ ಒಂದು ಮಾತನ್ನು ಕುರಿತು



ಒಂದು ಚಿಕ್ಕ ಇಂಗ್ಲಿಷು ಮಾತಿನ ವಿಚಾರವಾಗಿ ನನ್ನ ಅಭಿಪ್ರಾಯವನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ. ‘ಶಿಫ್ಟು’ ಎಂಬುದೇ ಆ ಮಾತು. ಭದ್ರಾವತಿಯಲ್ಲಿ, ಅದರಲ್ಲಿಯೂ ನಮ್ಮ ಜನ್ನಾಪುರದಲ್ಲಿ, ಇದನ್ನು ಅರಿಯದ ಮನೆಯಿಲ್ಲ. ‘ತಂದೆಯವರು ರಾತ್ರಿ ಶಿಫ್ಟಿಗೆ ಹೋಗಿದ್ದಾರೆ’ ಎನ್ನುವಾಗ ಅದು ನಾಮಪದ. ‘ಎದುರುಮನೆಯವರು ಶಿವಮೊಗ್ಗೆಗೆ ಶಿಫ್ಟ್ ಆದರು’ ಎನ್ನುವಾಗ ಅದೇ ಮಾತು ಕ್ರಿಯಾಪದದ ವೇಷವನ್ನು ತೊಡುತ್ತದೆ. ಈ ಎರಡು ಉಪಯೋಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ನಾನು ತಿಳಿಯುತ್ತೇನೆ. ನಾಮಪದವನ್ನು ಸಂತೋಷದಿಂದ ಇಟ್ಟುಕೊಳ್ಳೋಣ. ಕ್ರಿಯಾಪದದ ವಿಷಯದಲ್ಲಿ ಎಚ್ಚರವಾಗಿರೋಣ. ಹೀಗೆ ಹೇಳುವುದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇನೆ.

ಮೊದಲು ನಾಮಪದದ ಯೋಗ್ಯತೆಯನ್ನು ನೋಡೋಣ. ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಈ ಊರಿನಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸವನ್ನಾರಂಭಿಸಿತು. ಕಾಲಕ್ರಮದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಾರ್ಖಾನೆಯು ಇದೇ. ಕಬ್ಬಿಣದ ಅದಿರನ್ನು ಕರಗಿಸುವ ಊದುಕುಲುಮೆಯು ನಮ್ಮ ಅಡುಗೆಯ ಒಲೆಯಂತಲ್ಲ. ಹಗಲು ಹೊತ್ತಿಸಿ ಇರುಳು ಆರಿಸುವಂತಿಲ್ಲ. ಉರಿಯು ತಣಿದು ಒಳಗಿನ ಲೋಹವು ಗಟ್ಟಿಯಾದರೆ ಕುಲುಮೆಯೇ ಕೆಡುವುದು. ಆದಕಾರಣ ಒಬ್ಬರ ಕೈ ದಣಿಯುವ ವೇಳೆಗೆ ಇನ್ನೊಬ್ಬರ ಕೈ ಸಿದ್ಧವಾಗಿರಬೇಕು. ದಿನದ 24 ಗಂಟೆಗಳನ್ನು ಎಂಟೆಂಟು ಗಂಟೆಗಳ 3 ಪಾಲುಗಳಾಗಿ ಹಂಚುವ ವಾಡಿಕೆಯು ಇಂಥ ಕೆಲಸಗಳಿಂದಲೇ ಲೋಕದಲ್ಲಿ ಬಲಗೊಂಡಿತು. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯೂ ಈ ಊರಿನ ಜೀವನವನ್ನು ಅದೇ ಗಡಿಯಾರಕ್ಕೆ ಹೊಂದಿಸಿತು. ಸೂರ್ಯನನ್ನು ನೋಡಿ ಗದ್ದೆಗಿಳಿಯುತ್ತಿದ್ದ ಮಲೆನಾಡಿನವರಿಗೆ ಈ ಏರ್ಪಾಡು ಹೊಸದು. ಅದರೊಡನೆ ಅದರ ಹೆಸರೂ ಬಂದಿತು. ‘ಸರದಿ’, ‘ಪಾಳಿ’ ಎಂಬ ಮಾತುಗಳು ಕನ್ನಡದಲ್ಲಿ ಇಲ್ಲವೆಂದಲ್ಲ. ಆದರೆ ಕಾರ್ಮಿಕನ ಬಾಯಲ್ಲಿ ನಿಂತದ್ದು ‘ಶಿಫ್ಟು’.

ಈ ನಾಮಪದವು ನಮ್ಮ ನುಡಿಯ ಕಟ್ಟಳೆಗೆ ತಲೆಬಾಗಿದೆಯೆಂಬುದನ್ನು ಗಮನಿಸಬೇಕು. ಕೊನೆಗೆ ಉಕಾರವನ್ನು ಸೇರಿಸಿಕೊಂಡು ‘ಶಿಫ್ಟು’ ಆಯಿತು; ವಿಭಕ್ತಿಗಳನ್ನು ಹೊಂದಿ ‘ಶಿಫ್ಟಿಗೆ’, ‘ಶಿಫ್ಟಿನಲ್ಲಿ’, ‘ಶಿಫ್ಟಿನಿಂದ’ ಎಂದು ನಡೆಯಿತು. ಮನೆಯ ಪದ್ಧತಿಯನ್ನು ಕಲಿತು ಮನೆಯವರೊಡನೆ ಉಂಡು ಬೆಳೆದ ಅತಿಥಿಯನ್ನು ಪರಕೀಯನೆಂದು ಹೊರಗೆ ಕಳುಹಿಸುವುದು ಧರ್ಮವಲ್ಲ. ಬಸ್ಸು, ಪೆನ್ಸಿಲು, ಬೆಂಚು ಮುಂತಾದುವೂ ಹೀಗೆಯೇ ನಮ್ಮವಾದುವು.

ಇನ್ನು ಕ್ರಿಯಾಪದದ ವಿಚಾರ. ಇಂಗ್ಲಿಷಿನಲ್ಲಿ ಒಂದೇ ಶಬ್ದವು ರೂಪವನ್ನು ಬದಲಿಸದೆ ನಾಮವೂ ಕ್ರಿಯೆಯೂ ಆಗಬಲ್ಲದು. ಇದನ್ನು ಕಂಡು ಅದು ಆ ಭಾಷೆಗೆ ಮಾತ್ರ ಒಲಿದ ಚಾತುರ್ಯವೆಂದು ನಮ್ಮ ಹುಡುಗಿಯರು ಭ್ರಮಿಸುವುದುಂಟು. ಕನ್ನಡಕ್ಕೂ ಈ ಶಕ್ತಿಯು ಹುಟ್ಟಿನಿಂದಲೇ ಬಂದಿರುತ್ತದೆ. ‘ಹಾಡು’ ಎಂಬುದು ನಾಮವೂ ಹೌದು, ಕ್ರಿಯೆಯೂ ಹೌದು: ‘ಅಕ್ಕನ ಹಾಡನ್ನು ಕೇಳಿದೆಯಲ್ಲ, ಈಗ ನೀನು ಹಾಡು.’ ಓದು, ನಡೆ, ನುಡಿ, ಬಾಳು, ಬೆಳೆ, ಕಟ್ಟು, ಕೂಗು, ಅಳು, ನಗು – ಇವೆಲ್ಲವೂ ಎರಡು ಕೆಲಸಗಳನ್ನೂ ಮಾಡತಕ್ಕವು. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ನಾಮಕ್ಕೆ ಒಂದು ಪ್ರಕರಣವನ್ನೂ ಧಾತುವಿಗೆ ಒಂದು ಪ್ರಕರಣವನ್ನೂ ಬೇರೆಬೇರೆಯಾಗಿ ಇಟ್ಟಿದ್ದಾನೆ. ಆ ಎರಡು ಮನೆಗಳಲ್ಲಿಯೂ ವಾಸಿಸುವ ಹಕ್ಕುಳ್ಳ ಇಂಥ ಶಬ್ದಗಳು ಎಷ್ಟೋ ಇವೆ. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಪಂಡಿತರು ರಚಿಸಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷು ನಿಘಂಟುವನ್ನು ತೆರೆದು ನೋಡಿದವರಿಗೆ ಇದು ತಾನಾಗಿಯೇ ವೇದ್ಯವಾಗುವುದು.

ಆದರೆ ‘ಶಿಫ್ಟ್’ ಎಂಬುದು ಕನ್ನಡದಲ್ಲಿ ಈ ಬಗೆಯ ಶಬ್ದವಾಗಲಿಲ್ಲ. ‘ನಾನು ಹಾಡಿದೆ’ ಎಂಬಂತೆ ‘ನಾನು ಶಿಫ್ಟಿದೆ’ ಎಂದು ಯಾರೂ ನುಡಿಯರು. ‘ಮಾಡು’, ‘ಆಗು’ ಎಂಬ ಊರುಗೋಲುಗಳಿಲ್ಲದೆ ಅದು ಒಂದು ಹೆಜ್ಜೆಯನ್ನೂ ಇಡಲಾರದು. ಪೂರ್ವದಲ್ಲಿ ನಮ್ಮವರು ಸಂಸ್ಕೃತದ ಪ್ರಾರ್ಥನೆ, ರಕ್ಷಣೆಗಳನ್ನು ತಂದಾಗ ‘ಇಸು’ ಪ್ರತ್ಯಯವನ್ನು ತೊಡಿಸಿ ‘ಪ್ರಾರ್ಥಿಸು’, ‘ರಕ್ಷಿಸು’ ಎಂದು ಸ್ವಂತದ ಕ್ರಿಯೆಗಳನ್ನಾಗಿ ಮಾಡಿಕೊಂಡರು. ಅರಬ್ಬಿಯಿಂದ ಉರ್ದುವಿನ ಮಾರ್ಗವಾಗಿ ಬಂದ ‘ಬದಲ್’ ಎಂಬುದೂ ‘ಬದಲಿಸು’ ಆಗಿ ಎಷ್ಟು ನಮ್ಮದಾಯಿತೆಂದರೆ, ಅದರ ಹುಟ್ಟೂರನ್ನು ಈಗ ಕೇಳುವವರೇ ಇಲ್ಲ. ಆದಕಾರಣ ಹೊರಗಿನಿಂದ ಬಂದದ್ದೆಂಬುದು ನನ್ನ ಆಕ್ಷೇಪಣೆಯಲ್ಲ. ಒಳಗೆ ಬಂದೂ ನಮ್ಮದಾಗದೆ, ನಮ್ಮವಾದ ಹಲವು ಕ್ರಿಯಾಪದಗಳನ್ನು ಮೂಲೆಗೆ ತಳ್ಳುತ್ತಿದೆಯೆಂಬುದೇ ಆಕ್ಷೇಪಣೆ.

ತಳ್ಳಲ್ಪಟ್ಟವು ಯಾವುವೆಂದು ಎಣಿಸಿ ನೋಡಿರಿ. ಬಾಡಿಗೆದಾರನು ಮನೆಯನ್ನು ಬದಲಿಸುತ್ತಾನೆ. ನೌಕರನು ವರ್ಗವಾಗಿ ಹೋಗುತ್ತಾನೆ. ಮಳೆ ತಪ್ಪಿದ ಸೀಮೆಯವರು ಗುಳೆ ಹೋಗುತ್ತಾರೆ. ಅಲೆಮಾರಿಗಳು ಬಿಡಾರವನ್ನು ಕೀಳುತ್ತಾರೆ. ರೋಗಿಯನ್ನು ಆಸ್ಪತ್ರೆಗೆ ಸಾಗಿಸುತ್ತಾರೆ. ಮೇಜನ್ನು ಗೋಡೆಯ ಕಡೆಗೆ ಸರಿಸುತ್ತಾರೆ. ಮದುವೆಯಾದ ಹೆಣ್ಣು ತವರನ್ನು ಬಿಟ್ಟು ಗಂಡನ ಮನೆಯನ್ನು ಸೇರುತ್ತಾಳೆ. ಇವುಗಳಲ್ಲಿ ಒಂದೊಂದು ಮಾತೂ ಹೋದವರು ಯಾರು, ಯಾಕೆ ಹೋದರು, ಮನಸ್ಸೊಪ್ಪಿ ಹೋದರೋ ವಿಧಿಯಿಲ್ಲದೆ ಹೋದರೋ ಎಂಬುದನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಇವೆಲ್ಲಕ್ಕೂ ‘ಶಿಫ್ಟ್’ ಎಂಬ ಒಂದೇ ಮುದ್ರೆಯನ್ನು ಒತ್ತಿದರೆ ಮೇಜಿಗೂ ಮಗಳಿಗೂ ಭೇದವೇ ಉಳಿಯದು.

ಇದು ಕೇವಲ ವ್ಯಾಕರಣದ ಜಗಳವಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾದಾಗ ಸಾಗರ, ಹೊಸನಗರ ಸೀಮೆಯ ಅನೇಕ ಹಳ್ಳಿಗಳು ನೀರಿನ ಕೆಳಗಾದುವು. ನಾಡಿಗೆ ವಿದ್ಯುತ್ತು ದೊರೆಯಿತು. ಆ ಹಳ್ಳಿಯವರು ತೋಟವನ್ನೂ ಗದ್ದೆಯನ್ನೂ ಹಿರಿಯರ ಮನೆಯನ್ನೂ ನೀರಿಗೊಪ್ಪಿಸಿ ಕಂಡರಿಯದ ಕಡೆಗಳಿಗೆ ನಡೆದರು. ‘ಮುಳುಗು’ ಎಂಬ ಧಾತುವಿನಿಂದ ಅವರು ‘ಮುಳುಗಡೆ’ ಎಂಬ ಮಾತನ್ನು ಬಳಕೆಗೆ ತಂದುಕೊಂಡರು. ಇಂದಿಗೂ ‘ಮುಳುಗಡೆಯವರು’ ಎಂದರೆ ಮಲೆನಾಡಿನಲ್ಲಿ ಬೇರೆ ವಿವರಣೆ ಬೇಕಾಗಿಲ್ಲ. ಆ ಒಂದು ಮಾತಿನಲ್ಲಿ ಅವರ ಕಥೆಯೆಲ್ಲ ಅಡಗಿರುತ್ತದೆ. ಅವರ ಮೊಮ್ಮಗಳು ‘ನಮ್ಮ ಅಜ್ಜಿಯವರು ಆಗ ಈ ಕಡೆಗೆ ಶಿಫ್ಟ್ ಆದರು’ ಎಂದರೆ, ಸಂಗತಿಯು ಸುಳ್ಳಾಗುವುದಿಲ್ಲ. ಆದರೆ ಅಜ್ಜಿಯ ಕಣ್ಣೀರು ಮಾತ್ರ ಆ ವಾಕ್ಯದಿಂದ ಜಾರಿಹೋಗುವುದು.

ನಮ್ಮ ಊರಿನ ಸಂಗತಿಯನ್ನೇ ನೋಡಿರಿ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆಯು ನಿಂತಿತು. ಶಿಫ್ಟಿಗೆ ಹೋಗುವುದು ಅಲ್ಲಿ ಮುಗಿಯಿತು. ಊರನ್ನು ಬಿಟ್ಟುಹೋಗುವುದು ಆರಂಭವಾಯಿತು. ಒಂದು ಕಾಲದಲ್ಲಿ ದುಡಿಮೆಗೆ ಹೆಸರಾಗಿದ್ದ ಶಬ್ದವೇ ದುಡಿಮೆಯನ್ನು ಕಳೆದುಕೊಂಡು ಹೊರಡುವುದಕ್ಕೂ ಹೆಸರಾಗಿದೆ. ಹಾಗೆ ಹೋದವರನ್ನು ಕುರಿತು ‘ಶಿಫ್ಟ್ ಆದರು’ ಎಂದಷ್ಟೇ ಹೇಳಿ ನಾವು ಸುಮ್ಮನಾದರೆ, ಅವರು ತಾವಾಗಿಯೇ ಸುಖವನ್ನರಸಿ ಹೋದರೆಂಬಂತೆ ತೋರುವುದು. ‘ಕೆಲಸ ಹೋದುದರಿಂದ ಊರನ್ನು ತೊರೆದರು’ ಎಂದರೆ ಕೇಳಿದವರು ಒಂದು ಕ್ಷಣ ತಡೆದು ನಿಲ್ಲುವರು. ಹಾಗೆ ನಿಲ್ಲಿಸುವುದೇ ಕ್ರಿಯಾಪದದ ಕರ್ತವ್ಯ.

ಇದಕ್ಕೆ ಪ್ರತಿಯಾಗಿ ಕೆಲವರು, ‘ಭಾಷೆಯು ಹರಿಯುವ ಹೊಳೆ, ಅದಕ್ಕೆ ಕಟ್ಟೆ ಹಾಕಲಾಗದು. ಶಿಫ್ಟ್ ಎಂಬುದು ಚಿಕ್ಕದು, ಎಲ್ಲರಿಗೂ ತಿಳಿಯತಕ್ಕದ್ದು, ಇಂಗ್ಲಿಷಿನ ಅಭ್ಯಾಸಕ್ಕೂ ಸಹಾಯಕವಾದದ್ದು’ ಎಂದು ಹೇಳಬಹುದು. ಹೊಳೆಯು ಹರಿಯುವುದು ನಿಜ. ಆದರೆ ಉಪನದಿಗಳು ಬತ್ತಿದರೆ ಹೊಳೆಯೂ ಸೊರಗುವುದೆಂಬುದು ಅಷ್ಟೇ ನಿಜ. ಚಿಕ್ಕದೆಂಬ ವಾದವೂ ನಿಲ್ಲದು. ‘ಸರಿಸು’ ಎಂಬುದು ‘ಶಿಫ್ಟ್ ಮಾಡು’ ಎಂಬುದಕ್ಕಿಂತ ದೊಡ್ಡದೇ? ಇಂಗ್ಲಿಷಿಗೆ ಸಹಾಯವೆಂಬುದಂತೂ ವಿನೋದದ ಮಾತು. ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಹಂಚು, ಅಣಿಗೊಳಿಸು ಎಂಬ ಅರ್ಥಗಳಿದ್ದುವು. ಸ್ಥಳ ಬದಲಿಸುವ ಅರ್ಥವು ಆಮೇಲೆ ಬಂದಿತು. ಆದರೂ ಮನೆ ಬದಲಿಸುವುದಕ್ಕೆ ಇಂಗ್ಲೆಂಡಿನವರು ಸಾಮಾನ್ಯವಾಗಿ ‘ಮೂವ್’ ಎಂಬ ಬೇರೊಂದು ಕ್ರಿಯಾಪದವನ್ನೇ ಉಪಯೋಗಿಸುವರು. ಆ ಭಾಷೆಯವರು ತಮ್ಮ ಕ್ರಿಯಾಪದಗಳನ್ನು ಬೇರೆಬೇರೆಯಾಗಿ ಕಾಪಾಡಿಕೊಂಡಿರಲು, ನಾವು ಅವರದೊಂದನ್ನು ತಂದು ನಮ್ಮ ಹತ್ತನ್ನು ಮರೆಯುವುದು ಯಾವ ಲಾಭ?

ಹೀಗಿರಲು ನಾವು ಮಾಡತಕ್ಕದ್ದೇನು? ಮಕ್ಕಳನ್ನು ಗದರಿಸುವುದೂ ಪರಿಹಾಸ ಮಾಡುವುದೂ ಬೇಡ. ಗದರಿಸಿದ ಬಾಯಿಂದ ಯಾರೂ ಭಾಷೆಯನ್ನು ಕಲಿತಿಲ್ಲ. ಮಗಳು ಬಂದು ‘ಅಮ್ಮಾ, ನನ್ನ ಗೆಳತಿ ಬೆಂಗಳೂರಿಗೆ ಶಿಫ್ಟ್ ಆದಳು’ ಎಂದರೆ, ತಾಯಿಯು ‘ಹೌದೇನಮ್ಮ? ತಂದೆಗೆ ವರ್ಗವಾಯಿತೇ, ಓದಲು ಹೋದಳೇ, ಇಲ್ಲ ಮನೆ ಮಾರಿಕೊಂಡು ಹೋದರೇ?’ ಎಂದು ಕೇಳಲಿ. ಉತ್ತರವನ್ನು ಹುಡುಕುವಾಗ ಮಗಳಿಗೆ ಕ್ರಿಯಾಪದವೂ ದೊರೆಯುವುದು, ಗೆಳತಿಯ ಮೇಲಿನ ಕರುಣೆಯೂ ದೊರೆಯುವುದು. ಶಾಲೆಯಲ್ಲಿಯೂ ‘ನಾವು ಮನೆ ಬದಲಿಸಿದ ದಿನ’ ಎಂಬ ವಿಷಯವನ್ನು ಕೊಟ್ಟು, ಆ ಇಂಗ್ಲಿಷು ಮಾತನ್ನು ಮುಟ್ಟದೆ ಒಂದು ಪುಟ ಬರೆಯಿರಿ ಎಂದರೆ ಸಾಕು. ಎಷ್ಟು ಮಾತುಗಳು ನಿದ್ದೆಯಿಂದೇಳುವುವೆಂದು ಉಪಾಧ್ಯಾಯಿನಿಯರೇ ಕಾಣುವರು.

ಹಳೆಯ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಮದುವೆಯಿಂದಲೋ ಉದ್ಯೋಗದಿಂದಲೋ ದೂರದ ಊರುಗಳನ್ನು ಸೇರಿದವರು ಬಹು ಮಂದಿ. ಹಡೆದ ಮನೆಯನ್ನು ಬಿಡುವುದು ಎಂತಹುದೆಂಬುದನ್ನು ನಿಮಗೆ ತಿಳಿಸಬೇಕಾದುದಿಲ್ಲ. ಆ ಅನುಭವಕ್ಕೆ ತಕ್ಕ ಮಾತುಗಳು ನಿಮ್ಮ ತಾಯಂದಿರ ಬಾಯಲ್ಲಿದ್ದುವು. ಅವುಗಳನ್ನು ನಿಮ್ಮ ಮಕ್ಕಳ ಕಿವಿಗೂ ಮುಟ್ಟಿಸಿರಿ. ವಸ್ತುಗಳ ಹೆಸರುಗಳು ವಸ್ತುಗಳೊಡನೆ ಬರುವುವು, ಹೋಗುವುವು, ಅದಕ್ಕೆ ಚಿಂತಿಸಬೇಕಾಗಿಲ್ಲ. ಆದರೆ ಬರುವುದು, ಹೋಗುವುದು, ಬಿಡುವುದು, ಸೇರುವುದು, ತೊರೆಯುವುದು – ಇವು ನಮ್ಮ ಬಾಳಿನ ಕ್ರಿಯೆಗಳು. ಇವುಗಳನ್ನು ನಮ್ಮ ನುಡಿಯಲ್ಲಿಯೇ ನುಡಿಯೋಣವೆಂದು ಅರಿಕೆ ಮಾಡಿಕೊಂಡು ವಿರಮಿಸುತ್ತೇನೆ.