‘ಹಳೇದಾಯ್ತು’ ಅನ್ನೋದು ಕಾಯಿಲೆ ಹೆಸರಲ್ಲ

1/6

ಫೋಟೋದಲ್ಲಿ ಎಡಕ್ಕಿರೋದು ನಮ್ಮಕ್ಕನ ಲ್ಯಾಪ್‌ಟಾಪ್. 2014ರದ್ದು. ಒಂದು ಮೂಲೆ ಒಡೆದಿದೆ, ನಾಲ್ಕೈದು ಕೀಗಳ ಮೇಲಿನ ಅಕ್ಷರ ಅಳಿಸಿಹೋಗಿದೆ. ಈ ಸರಣಿ ಪೂರ್ತಿ ಟೈಪ್ ಮಾಡಿದ್ದು ಇದರಲ್ಲೇ, ನಮ್ಮ ಪಿಜಿ ವೈಫೈನಲ್ಲೇ.

ಬಲಕ್ಕಿರೋ ಕಪ್ಪು ಲ್ಯಾಪ್‌ಟಾಪ್ ನನ್ನ ರೂಮ್‌ಮೇಟ್‌ದು. ಇವತ್ತಿನ ವಿಷಯ ಅದು. ಅವನನ್ನ ಕೇಳಿಯೇ ಬರೀತಿದ್ದೀನಿ.

ಕಳೆದ ಸೆಮಿಸ್ಟರ್‌ನಲ್ಲಿ ಒಂದಿನ ಇದ್ದಕ್ಕಿದ್ದಂಗೆ ಅದಕ್ಕೆ ವೈಫೈ ಬರೋದು ನಿಂತುಹೋಯ್ತು. ಪಿಜಿ ವೈಫೈ ಹೆಸರು ಕಾಣ್ತಿತ್ತು, ಪಾಸ್‌ವರ್ಡ್ ಹಾಕಿದ್ರೆ ‘ಕನೆಕ್ಟ್ ಆಗ್ತಿಲ್ಲ’ ಅಂತಿತ್ತು. ಮಿನಿ ಪ್ರಾಜೆಕ್ಟ್ ಸಬ್ಮಿಟ್ ಮಾಡೋಕೆ ಒಂಬತ್ತು ದಿನ ಬಾಕಿ. ಅಂಗಡಿಗೆ ತಗೊಂಡು ಹೋದ. ಅಲ್ಲಿ ಎರಡು ನಿಮಿಷ ನೋಡಿ, ‘ತುಂಬಾ ಹಳೇದು, ಬೋರ್ಡ್ ವೀಕ್ ಆಗಿರುತ್ತೆ, ಇದಕ್ಕೆ ದುಡ್ಡು ಹಾಕೋದು ವೇಸ್ಟ್’ ಅಂದ್ರು. ವಾಪಸ್ ಬಂದು ನನ್ನ ಕೇಳ್ದ. ನಾನೂ ಅದನ್ನೇ ಅಂದೆ: ‘ಹೌದೋ, ಹಳೇದಾಯ್ತು. ಹೊಸದು ತಗೊಂಬಿಡು.’

ಅವನ ಅಮ್ಮ ಊರಲ್ಲಿ ಸ್ವಸಹಾಯ ಸಂಘದಿಂದ ಸಾಲ ತೆಗೆದು 38,000 ರೂಪಾಯಿ ಕಳ್ಸಿದ್ರು. ಹೊಸ ಲ್ಯಾಪ್‌ಟಾಪ್ ಬಂತು. ವೈಫೈ ಮೊದಲನೇ ಸಲಕ್ಕೇ ಕನೆಕ್ಟ್ ಆಯ್ತು. ‘ನೋಡಿದ್ಯಾ, ನಾನು ಹೇಳಿದ್ದೇ ಸರಿ’ ಅಂತ ನಾನೂ ಖುಷಿಪಟ್ಟೆ.

ನಾನು ಹೇಳಿದ್ದು ತಪ್ಪು. ಎಷ್ಟು ತಪ್ಪು ಅಂತ ಗೊತ್ತಾಗಿದ್ದು ಮೂರು ವಾರ ಆದ್ಮೇಲೆ. ಮುಂದಿನದಕ್ಕೆ ಬನ್ನಿ.

2/6

ಮೂರು ವಾರ ಆದ್ಮೇಲೆ ನಾನು ಊರಿಂದ ಅಕ್ಕನ ಲ್ಯಾಪ್‌ಟಾಪ್ ತಂದೆ. ಮನೇಲಿ ಚೆನ್ನಾಗಿ ನಡೀತಿತ್ತು. ಪಿಜಿಗೆ ಬಂದ್ರೆ ಅದೇ ರೋಗ: ಹೆಸರು ಕಾಣುತ್ತೆ, ಕನೆಕ್ಟ್ ಆಗಲ್ಲ.

ಆಗ ತಲೆಗೆ ಹೊಳೀತು. ಎರಡು ಬೇರೆ ಬೇರೆ ಕಂಪನಿ ಲ್ಯಾಪ್‌ಟಾಪ್. ಒಂದು ನಿನ್ನೆವರೆಗೂ ಬೇರೆ ಊರಲ್ಲಿ ಸರಿಯಾಗಿತ್ತು. ಎರಡೂ ಒಂದೇ ರೂಮಲ್ಲಿ ಒಂದೇ ಥರ ಕೆಡೋದು ಹೆಂಗೆ? ಫೋನ್ ಹಾಟ್‌ಸ್ಪಾಟ್ ಆನ್ ಮಾಡಿ ನೋಡಿದೆ. ತಕ್ಷಣ ಕನೆಕ್ಟ್ ಆಯ್ತು. ಅಂದ್ರೆ ಲ್ಯಾಪ್‌ಟಾಪ್‌ನ ವೈಫೈ ಜೀವಂತ ಇದೆ, ತಕರಾರು ಇರೋದು ಪಿಜಿ ರೂಟರ್ ಜೊತೆ.

ಓನರ್‌ನ ಕೇಳಿದ್ರೆ, ‘ಫೈಬರ್ ಹಾಕಿಸಿದಾಗ ಹೊಸ ರೂಟರ್ ಬಂತಲ್ಲಪ್ಪ’ ಅಂದ್ರು. ಯಾವತ್ತು ಬಂತು ಅಂತ ಲೆಕ್ಕ ಹಾಕಿದೆ. ರೂಮ್‌ಮೇಟ್ ಲ್ಯಾಪ್‌ಟಾಪ್ ‘ಕೆಟ್ಟ’ ಅದೇ ವಾರ.

ಓನರ್ ಪಕ್ಕದಲ್ಲೇ ಕೂತು, ಅವರ ಫೋನಲ್ಲೇ ರೂಟರ್ ಸೆಟ್ಟಿಂಗ್ ಪೇಜ್ ತೆರೆದ್ವಿ. ಸೆಕ್ಯುರಿಟಿ ಅನ್ನೋ ಕಡೆ ‘ಡಬ್ಲ್ಯೂಪಿಎ3 ಮಾತ್ರ’ ಅಂತಿತ್ತು. ಅದನ್ನ ‘ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3’ ಅಂತ ಬದಲಾಯಿಸಿದ್ವಿ. ರೂಟರ್ ಆಫ್ ಆಗಿ ಆನ್ ಆಯ್ತು. ಅಕ್ಕನ ಲ್ಯಾಪ್‌ಟಾಪ್ ಕನೆಕ್ಟ್ ಆಯ್ತು.

ರೂಮಿಗೆ ಬಂದು ಕಪಾಟಿನಲ್ಲಿದ್ದ ಕಪ್ಪು ಲ್ಯಾಪ್‌ಟಾಪ್ ತೆಗೆದು ಚಾರ್ಜ್‌ಗೆ ಹಾಕಿ ಆನ್ ಮಾಡಿದ್ವಿ. ಅದೂ ಕನೆಕ್ಟ್ ಆಯ್ತು. ಅವನು ಬಯ್ಯಲಿಲ್ಲ. ಸುಮ್ನೆ ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ಕೂತ. ಬೈದಿದ್ರೇ ವಾಸಿ ಇತ್ತು.

ಈಗ ಯೋಚನೆ ಮಾಡಿ. ಹೊಸದು ಕೊಂಡ ತಕ್ಷಣ ಸಮಸ್ಯೆ ಹೋಯ್ತಲ್ಲ, ಹಾಗಾಗಿ ನಮ್ಮ ಊಹೆ ತಪ್ಪು ಅಂತ ಯಾರಿಗೂ ಗೊತ್ತಾಗ್ಲೇ ಇಲ್ಲ. ದುಡ್ಡು ಸುರಿದ್ರೆ ಎಷ್ಟೋ ಸಮಸ್ಯೆ ಮಾಯ ಆಗುತ್ತೆ. ಆದ್ರೆ ಸಮಸ್ಯೆ ಏನಿತ್ತು ಅನ್ನೋದು ಗೊತ್ತಾಗಲ್ಲ.

3/6

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ‘ಹಳೇದಾಯ್ತು’ ಅನ್ನೋದು ಉತ್ತರ ಅಲ್ಲ, ಹುಡುಕೋದನ್ನ ನಿಲ್ಲಿಸೋಕೆ ಒಂದು ನೆಪ. ಅಜ್ಜಿಗೆ ಮಂಡಿ ನೋವು ಅಂದ್ರೆ ‘ವಯಸ್ಸಾಯ್ತು’ ಅಂತ ಕಳ್ಸೋ ಡಾಕ್ಟರ್ ಬಗ್ಗೆ ನಿಮಗೆ ಸಿಟ್ಟು ಬರುತ್ತಲ್ವಾ? ಇಲ್ಲೂ ಅಷ್ಟೇ.

ವಯಸ್ಸು ಲೆಕ್ಕಕ್ಕಿಲ್ಲ ಅಂತ ಹೇಳ್ತಿಲ್ಲ. ವಯಸ್ಸು *ಎಲ್ಲಿ* ಅಡ್ಡ ಬರುತ್ತೆ ಅಂತ ಕೇಳಿ ಅಂತಿದ್ದೀನಿ. ಹಳೇ ಲ್ಯಾಪ್‌ಟಾಪ್ ವೈಫೈ ವಿಷಯದಲ್ಲಿ ಅದು ಮುಖ್ಯವಾಗಿ ಎರಡು ಕಡೆ.

ಮೊದಲನೇದು ಭಾಷೆ. ಡಬ್ಲ್ಯೂಪಿಎ3 ಅನ್ನೋ ಸೆಕ್ಯುರಿಟಿ ಪದ್ಧತಿ ಬಂದಿದ್ದೇ 2018ರಲ್ಲಿ. 2014ರ ಲ್ಯಾಪ್‌ಟಾಪ್‌ಗೆ ಅದು ಹುಟ್ಟೋಕೆ ಮುಂಚೆ ಕಲಿಸಿರೋದು ಹೆಂಗೆ? ರೂಟರ್ ಹೊಸ ಭಾಷೇಲಿ ಮಾತ್ರ ಮಾತಾಡ್ತೀನಿ ಅಂದ್ರೆ ಹಳೇ ಕಾರ್ಡ್ ಬಾಗಿಲಲ್ಲೇ ನಿಲ್ಲುತ್ತೆ. ಎರಡೂ ಭಾಷೆ ಇರೋ ಸೆಟ್ಟಿಂಗ್ ಇಟ್ರೆ ಮುಗೀತು.

ಎರಡನೇದು ಕಿವಿ. ವೈಫೈ ಹೆಚ್ಚಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಅನ್ನೋ ಎರಡು ಬ್ಯಾಂಡ್‌ನಲ್ಲಿ ಓಡುತ್ತೆ. ಎಷ್ಟೋ ಹಳೇ, ಕಡಿಮೆ ಬೆಲೆ ಲ್ಯಾಪ್‌ಟಾಪ್‌ಗಳ ಕಾರ್ಡ್‌ಗೆ 2.4 ಮಾತ್ರ ಕೇಳ್ಸುತ್ತೆ. ‘ನನ್ನ ಫೋನಲ್ಲಿ ವೈಫೈ ಹೆಸರು ಬರುತ್ತೆ, ಲ್ಯಾಪ್‌ಟಾಪ್‌ನಲ್ಲಿ ಹೆಸರೇ ಇಲ್ಲ’ ಅಂದ್ರೆ ಮೊದಲು ಇದನ್ನ ಅನುಮಾನಿಸಿ. ರೂಟರ್‌ನಲ್ಲಿ 2.4 ಆಫ್ ಆಗಿರಬಹುದು, ಆನ್ ಮಾಡ್ಸಿ. 2.4 ನಿಧಾನ, ಆದ್ರೆ ಗೋಡೆ ದಾಟೋದ್ರಲ್ಲಿ 5ಕ್ಕಿಂತ ವಾಸಿ. ಮೂಲೆ ರೂಮಲ್ಲಿ ಇರೋರಿಗೆ ಇದೇ ಒಳ್ಳೇದು.

ಅದಕ್ಕೇ ಮೊದಲ ಪರೀಕ್ಷೆ ಯಾವಾಗ್ಲೂ ಹಾಟ್‌ಸ್ಪಾಟ್. ಖರ್ಚು ಸೊನ್ನೆ, ಟೈಮ್ ಒಂದು ನಿಮಿಷ. ಫೋನ್ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 2.4 ಆಯ್ಕೆ ಮಾಡಿ, ಸೆಕ್ಯುರಿಟಿ ಡಬ್ಲ್ಯೂಪಿಎ2 ಇರ್ಲಿ. ಹೊಸ ಐಫೋನ್ ಆದ್ರೆ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ.

ಹಾಟ್‌ಸ್ಪಾಟ್ ಬಂದು ವೈಫೈ ಬರ್ಲಿಲ್ವಾ? ರೂಟರ್ ಕಡೆ ನೋಡಿ.
ಯಾವುದೂ ಬರ್ಲಿಲ್ವಾ? ಲ್ಯಾಪ್‌ಟಾಪ್ ಕಡೆ ನೋಡಿ.
ಫೋನಿಗೂ ವೈಫೈನಲ್ಲಿ ನೆಟ್ ಇಲ್ವಾ? ಲೈನೇ ಹೋಗಿದೆ, ಓನರ್‌ಗೆ ಹೇಳಿ, ಟೀ ಕುಡೀರಿ.

4/6

ಇನ್ನೊಂದು ಥರದ ಕಾಟ ಇದೆ. ವೈಫೈ ಕನೆಕ್ಟ್ ಅಂತ ತೋರಿಸುತ್ತೆ, ಪೇಜ್ ಮಾತ್ರ ತೆರೆಯಲ್ಲ. ಆಗ ಒಂದೊಂದಾಗಿ ನೋಡಿ.

ತಾರೀಖು ನೋಡಿ. ನಗಬೇಡಿ! ಲ್ಯಾಪ್‌ಟಾಪ್ ಒಳಗೆ ಗಡಿಯಾರ ನಡೆಸೋಕೆ ಪುಟ್ಟ ಬಟನ್ ಸೆಲ್ ಒಂದಿರುತ್ತೆ. ವರ್ಷಗಳಾದ್ಮೇಲೆ ಅದು ಸತ್ರೆ, ಆಫ್ ಮಾಡಿ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಓಡಿರುತ್ತೆ. ಪ್ರತಿ ಸುರಕ್ಷಿತ ವೆಬ್‌ಸೈಟ್‌ಗೂ ‘ಇಂತಿಷ್ಟು ದಿನದವರೆಗೆ ಮಾನ್ಯ’ ಅನ್ನೋ ಸರ್ಟಿಫಿಕೇಟ್ ಇರುತ್ತೆ. ನಿಮ್ಮ ಲ್ಯಾಪ್‌ಟಾಪ್ ತಾನು ಇನ್ನೂ 2014ರಲ್ಲಿ ಇದ್ದೀನಿ ಅಂದ್ಕೊಂಡ್ರೆ ಆ ಸರ್ಟಿಫಿಕೇಟ್‌ನ ನಂಬಲ್ಲ, ‘ಸುರಕ್ಷಿತ ಅಲ್ಲ’ ಅಂತ ತಡೆಯುತ್ತೆ. ತಾರೀಖು ಸರಿ ಮಾಡಿ, ಪೇಜ್ ತೆರೆಯುತ್ತೆ. ಆಮೇಲೆ ಆ ಸೆಲ್ ಬದಲಾಯಿಸ್ಕೊಳ್ಳಿ.

ಕಾಲೇಜು ವೈಫೈ ಆದ್ರೆ ಲಾಗಿನ್ ಪೇಜ್ ಬಂದಿದ್ಯಾ ನೋಡಿ. ಅದು ತಾನಾಗೇ ಬರದಿದ್ರೆ ವಿಪಿಎನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ಮತ್ತೆ ತೆಗೀರಿ.

ನೆಟ್‌ವರ್ಕ್ ವಿವರದಲ್ಲಿ ಐಪಿ ವಿಳಾಸ ನೋಡಿ. 169.254 ಅಂತ ಶುರುವಾದ್ರೆ ರೂಟರ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ಇಟ್ಕೊಂಡಿದೆ ಅಂತ ಅರ್ಥ. ಆ ವೈಫೈನ ‘ಫರ್ಗೆಟ್’ ಮಾಡಿ ಮತ್ತೆ ಸೇರಿ. ಆಗ್ಲೂ ಬರ್ಲಿಲ್ಲ ಅಂದ್ರೆ ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡ್ಸಿ.

ಬರುತ್ತೆ, ಹೋಗುತ್ತೆ, ಬರುತ್ತೆ, ಹೋಗುತ್ತೆ? ವಿಂಡೋಸ್ ಆದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡ್ ಮೇಲೆ ಡಬಲ್ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಪವರ್ ಉಳಿಸೋಕೆ ಈ ಸಾಧನ ಆಫ್ ಮಾಡಬಹುದು ಅನ್ನೋ ಟಿಕ್ ತೆಗೀರಿ. ಪಕ್ಕದಲ್ಲಿ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಚುಚ್ಚಿದ್ದೀರಾ? ಅದರ ಗದ್ದಲ 2.4 ಬ್ಯಾಂಡ್‌ಗೆ ತೊಂದ್ರೆ ಕೊಡುತ್ತೆ ಅಂತ ಇಂಟೆಲ್ 2012ರಲ್ಲೇ ಬರೆದಿದೆ. ತೆಗೆದು ನೋಡಿ.

ಒಂದೇ ಒಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಐದು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದ್ರೆ ಸರಿ ಹೋದ್ರೂ ಯಾಕೆ ಸರಿ ಹೋಯ್ತು ಅಂತ ಗೊತ್ತಾಗಲ್ಲ, ಮುಂದಿನ ತಿಂಗಳು ಮತ್ತೆ ಅಲ್ಲೇ ಕೂತಿರ್ತೀರಿ.

5/6

ಸರಿ, ಹಾಟ್‌ಸ್ಪಾಟ್ ಕೂಡ ಬರ್ಲಿಲ್ಲ. ಲ್ಯಾಪ್‌ಟಾಪ್‌ದೇ ತಪ್ಪು ಅಂತ ಆಯ್ತು. ಈಗಲಾದ್ರೂ ಹೊಸದು ತಗೊಳ್ಳೋದಾ? ಇನ್ನೂ ಇಲ್ಲ.

ಏರೋಪ್ಲೇನ್ ಮೋಡ್ ಆನ್ ಆಗಿದ್ಯಾ ನೋಡಿ. ಕೆಲವು ಹಳೇ ಮಾಡೆಲ್‌ಗಳ ಪಕ್ಕದಲ್ಲಿ ಅಥವಾ ಮುಂದೆ ವೈಫೈಗೇ ಪುಟ್ಟ ಸ್ವಿಚ್ ಇರುತ್ತೆ, ಬ್ಯಾಗಿನಲ್ಲಿ ಉಜ್ಜಿ ಆಫ್ ಆಗಿರುತ್ತೆ.

ಫ್ಯಾನ್ ಕ್ಲೀನ್, ಕೀಬೋರ್ಡ್ ಬದಲು, ಎಸ್‌ಎಸ್‌ಡಿ ಹಾಕ್ಸಿದ್ದು ಏನಾದ್ರೂ ಆದ್ಮೇಲೆ ಈ ಕಾಟ ಶುರುವಾಯ್ತಾ? ಹಾಗಾದ್ರೆ ಆಂಟೆನಾ ವೈರ್ ನೋಡ್ಸಿ. ಲ್ಯಾಪ್‌ಟಾಪ್‌ನ ಆಂಟೆನಾ ಸಾಮಾನ್ಯವಾಗಿ ಸ್ಕ್ರೀನ್ ಸುತ್ತ ಇರುತ್ತೆ. ಅಲ್ಲಿಂದ ತೆಳು ವೈರ್‌ಗಳು ಹಿಂಜ್ ಮೂಲಕ ಇಳಿದು ವೈಫೈ ಕಾರ್ಡ್ ಮೇಲೆ ಗುಂಡಿ ಥರ ಕೂರುತ್ತವೆ. ಸಾಸಿವೆ ಕಾಳಿನಷ್ಟೇ ಗುಂಡಿ. ಬಿಚ್ಚಿ ಜೋಡಿಸುವಾಗ ಅದು ಕಳಚಿಕೊಂಡ್ರೆ ರೂಟರ್ ಪಕ್ಕದಲ್ಲೇ ಕೂತ್ರೂ ಸಿಗ್ನಲ್ ಒಂದೇ ಕಡ್ಡಿ. ಒತ್ತಿ ಕೂರಿಸಿದ್ರೆ ರಿಪೇರಿ ಮುಗೀತು. ಅಂಗಡಿಗೆ ಹೋದ್ರೆ ‘ವೈಫೈ ಸರಿ ಮಾಡಿ’ ಅನ್ನಬೇಡಿ, ‘ಆಂಟೆನಾ ಕನೆಕ್ಟರ್ ಕೂತಿದ್ಯಾ ನೋಡಿ’ ಅನ್ನಿ. ಮಾತು ಅಲ್ಲಿಂದ ಬೇರೆ ಥರ ಹೋಗುತ್ತೆ.

ಡ್ರೈವರ್ ಹಾಳಾಗಿದ್ಯಾ? ಡೌನ್‌ಲೋಡ್ ಮಾಡೋಕೆ ನೆಟ್ ಬೇಕು, ನೆಟ್ ಬರೋಕೆ ಡ್ರೈವರ್ ಬೇಕು ಅಂತ ತಲೆ ಕೆಡಿಸ್ಕೋಬೇಡಿ. ಆಂಡ್ರಾಯ್ಡ್ ಫೋನ್‌ನ ಡೇಟಾ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿ, ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಫೋನ್ ವೈಫೈನಲ್ಲಿದ್ರೆ ಅದೇ ವೈಫೈ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಇಳಿಯುತ್ತೆ. ನಾಳೆ ಸಬ್ಮಿಷನ್ ಇದೆ ಅನ್ನೋ ರಾತ್ರಿಗೂ ಇದೇ ಉಪಾಯ. ಕಾಲೇಜು ಲ್ಯಾಬ್‌ನಲ್ಲಿ ಲ್ಯಾನ್ ಕೇಬಲ್ ಸಿಕ್ಕಿದ್ರೂ ಆಯ್ತು, ಹಳೇ ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟ್ ಹೆಚ್ಚಾಗಿ ಇರುತ್ತೆ.

ಕಾರ್ಡ್ ನಿಜಕ್ಕೂ ಸತ್ತಿದ್ಯಾ? ಯುಎಸ್‌ಬಿ ವೈಫೈ ಡಾಂಗಲ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಡ್ಯುಯಲ್ ಬ್ಯಾಂಡ್‌ದು ತಗೊಳ್ಳಿ. ಒಳಗಿನ ಕಾರ್ಡನ್ನೂ ಬದಲಾಯಿಸಬಹುದು, ಆದ್ರೆ ಕೆಲವು ಹಳೇ ಮಾಡೆಲ್‌ಗಳು ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡ್‌ನ ಒಪ್ಪಲ್ಲ. ಹಾಗಾಗಿ ಡಾಂಗಲ್ ಸುಲಭ.

38,000 ಎಲ್ಲಿ, ಕೆಲವು ನೂರು ಎಲ್ಲಿ. ಅದೂ ನಮ್ಮ ವಿಷಯದಲ್ಲಿ ಖರ್ಚು ಆಗಬೇಕಿದ್ದಿದ್ದು ಸೊನ್ನೆ.

6/6

ಕಾಮೆಂಟ್‌ನಲ್ಲಿ ಏನು ಬರುತ್ತೆ ಅಂತ ಗೊತ್ತು.

‘ಇಷ್ಟೆಲ್ಲಾ ತಲೆ ಕೆಡಿಸ್ಕೊಳ್ಳೋ ಬದಲು ಹೊಸದು ತಗೊಳ್ಳೋದೇ ವಾಸಿ.’ ನಿಮ್ಮತ್ರ ದುಡ್ಡಿದ್ರೆ ಖಂಡಿತ ತಗೊಳ್ಳಿ, ನನಗೇನೂ ಬೇಜಾರಿಲ್ಲ. ಆದ್ರೆ ನಮ್ಮ ಕ್ಲಾಸಲ್ಲಿ ಎಷ್ಟು ಜನರ ಲ್ಯಾಪ್‌ಟಾಪ್ ಅಣ್ಣಂದು, ಅಕ್ಕಂದು, ಮಾವಂದು ಅಂತ ನನಗಿಂತ ನಿಮಗೇ ಗೊತ್ತು. ಅವರಿಗೆ ‘ಹೊಸದು ತಗೋ’ ಅನ್ನೋದು ಸಲಹೆ ಅಲ್ಲ. ಮನೇಲಿ ಇನ್ಯಾರದ್ದೋ ಏನೋ ಒಂದು ಮುಂದಕ್ಕೆ ಹೋಗುತ್ತೆ ಅಂತ ಅರ್ಥ.

‘ಅಂಗಡಿಯವ್ರೆಲ್ಲ ಮೋಸಗಾರರಾ?’ ಅಲ್ಲ. ಲ್ಯಾಪ್‌ಟಾಪ್ ಅಂಗಡಿ ಟೇಬಲ್ ಮೇಲಿತ್ತು, ರೂಟರ್ ಪಿಜಿಯಲ್ಲಿತ್ತು. ಅವರಿಗೆ ಅರ್ಧ ರೋಗಿ ಮಾತ್ರ ಕಾಣ್ತಿತ್ತು. ಅಂಗಡಿ ವೈಫೈಗೆ ಒಮ್ಮೆ ಕನೆಕ್ಟ್ ಮಾಡಿ ನೋಡಿದ್ರೆ ಗೊತ್ತಾಗ್ತಿತ್ತು, ನಿಜ. ಆದ್ರೆ ಪ್ರಶ್ನೆ ಕೇಳೋಕೆ ನಮಗೂ ಬಾಯಿ ಇತ್ತು. ‘ಕಳೆದ ವಾರ ಏನು ಬದಲಾಯ್ತು?’ ಅಂತ ನಾನು ಒಂದು ಸಲ ಕೇಳಿದ್ರೆ ಸಾಕಿತ್ತು. ರೂಟರ್ ಬದಲಾಗಿದ್ದು ಅವನಿಗೂ ಗೊತ್ತಿತ್ತು. ಯಾರೂ ಕೇಳ್ಲಿಲ್ಲ ಅಷ್ಟೇ.

ಬಿಡಬೇಕಾದಾಗ ಬಿಡಬೇಕು, ಅದನ್ನೂ ಒಪ್ತೀನಿ. ಬ್ಯಾಟರಿ ಉಬ್ಬಿದ್ರೆ ಅವತ್ತೇ ಬಳಸೋದು ನಿಲ್ಲಿಸಿ. ನಿಮ್ಮ ಕೋರ್ಸಿನ ಸಾಫ್ಟ್‌ವೇರ್ ಓಡಲ್ಲ ಅಂದ್ರೆ ಬೇರೆ ದಾರಿ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲವನ್ನ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ, ಅದೂ ನಿಜವಾದ ಕಾರಣ. ಆದ್ರೂ ಬಿಸಾಡೋ ಮುಂಚೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ ಹಾಕಿ ನೋಡಿ. ಇನ್‌ಸ್ಟಾಲ್ ಮಾಡದೇನೇ ನಡೆಯುತ್ತೆ. ಅದರಲ್ಲಿ ವೈಫೈ ಬಂತು ಅಂದ್ರೆ ಕಾರ್ಡ್ ಸರಿ ಇದೆ, ವಿಂಡೋಸ್‌ನಲ್ಲೇ ಏನೋ ಕೆಟ್ಟಿದೆ ಅಂತಾನೂ ಗೊತ್ತಾಗುತ್ತೆ.

ನಾನು ಕೇಳೋದು ಇಷ್ಟೇ. ಸಾಲ ಅಥವಾ ಇಎಂಐ ಅನ್ನೋ ಮಾತು ಬರೋ ಮುಂಚೆ ಅರ್ಧ ಗಂಟೆ ಕೊಡಿ. ಫ್ರೆಂಡ್ ಬಂದು ಕೇಳಿದ್ರೆ, ಗೊತ್ತಿಲ್ಲದೇ ಇದ್ರೆ ‘ಗೊತ್ತಿಲ್ಲ, ಬಾ ನೋಡೋಣ’ ಅನ್ನಿ. ನನ್ನ ಥರ ಗೊತ್ತಿರೋನ ಹಾಗೆ ‘ಹಳೇದಾಯ್ತು’ ಅನ್ನಬೇಡಿ.

ಈ ಫೋಟೋ ತೆಗೆದ ಮಾರನೇ ದಿನ ಕಪ್ಪು ಲ್ಯಾಪ್‌ಟಾಪ್ ಊರಿಗೆ ಹೋಯ್ತು. ಅವನ ತಂಗಿ ಪಿಯುಸಿ ಓದ್ತಿದ್ದಾಳೆ, ಅದರಲ್ಲೇ ವಿಡಿಯೋ ಪಾಠ ನೋಡ್ತಾಳೆ. ವೈಫೈ ಚೆನ್ನಾಗಿ ಬರ್ತಿದೆಯಂತೆ. ಸಂಘದ ಕಂತು ಇನ್ನೂ ಹದಿನಾಲ್ಕು ತಿಂಗಳು ಇದೆ.

ನಿಮ್ಮ ಲ್ಯಾಪ್‌ಟಾಪ್ ವೈಫೈ ಕಾಟ ಕೊಡ್ತಿದ್ರೆ ಕೆಳಗೆ ಬರೀರಿ: ಯಾವ ವರ್ಷದ್ದು, ಹಾಟ್‌ಸ್ಪಾಟ್ ಬರುತ್ತಾ ಇಲ್ವಾ, ಕೆಡೋ ಮುಂಚೆ ಏನು ಬದಲಾಯ್ತು. ಈ ಮೂರು ಬರೆದ್ರೆ ಸಾಕು, ಒಟ್ಟಿಗೆ ಕೂತು ಹುಡುಕೋಣ.

#ಹಳೇಲ್ಯಾಪ್‌ಟಾಪ್ #ವೈಫೈಕಾಟ #ಕೇಳಿನೋಡಿ